ಬಾಕಿ

ಮುಳಬಾಗಿಲು ಕಾಲೇಜು, ಎರಡನೇ ಮಹಡಿ.
ಕಿಟಕಿಗೆ ಗಾಜಿಲ್ಲ. ಬೆಟ್ಟದ ಗಾಳಿ ಬಂದು
ನನಗಿಂತ ಮೊದಲೇ ಹಾಜರಿ ಪುಸ್ತಕ ತಿರುವುತ್ತದೆ.
ನಾನು ಇಲ್ಲಿ ಅತಿಥಿ ಉಪನ್ಯಾಸಕಿ.
ಹದಿಮೂರು ವರ್ಷದ ಅತಿಥಿ.
ಊಟಕ್ಕೆ ಕರೆದವರು
ಜೂನ್‌ನಿಂದ ಕಾಣಿಸಿಲ್ಲ.

ಇವತ್ತಿನ ಪಾಠ, ಆರುನೂರು ವರ್ಷ ಹಿಂದಿನ
ಇಂಗ್ಲಿಷ್ ಕವಿಗಳು, ಪಕ್ಕದ ಸ್ಕಾಟರು.
ಸಿಲಬಸ್ಸಿನಲ್ಲಿ ನಾಲ್ಕು ಸಾಲು, ಪರೀಕ್ಷೆಗೆ ಐದು ಅಂಕ.
‘ಕಾಲ, ಪರಿಸರ, ಲಕ್ಷಣ’ ಅಂತ ಬರೆಯುವಷ್ಟರಲ್ಲಿ
ಸೀಮೆಸುಣ್ಣ ಮುರಿಯಿತು.

ಹಿಂದಿನ ಬೆಂಚಿಂದ ಗೌಸಿಯಾ:
‘ಮೇಡಂ, ಇವರೆಲ್ಲ ಹೊಟ್ಟೆಗೇನು ಮಾಡ್ತಿದ್ರು?’

ಪುಸ್ತಕ ಮುಚ್ಚಿದೆ.

ಒಬ್ಬ, ರೇವಿನಲ್ಲಿ ಉಣ್ಣೆ ಮೂಟೆಗಳ ಸುಂಕ ಬರೆಯುತ್ತಿದ್ದ,
ಲೆಕ್ಕ ಸ್ವಂತ ಕೈಬರಹದಲ್ಲೇ ಇರಬೇಕೆಂಬ ಕರಾರು.
ಸಂಜೆ ಕೋಟೆಬಾಗಿಲ ಮೇಲಿನ ಮನೆಗೆ ಬಂದು
ಮತ್ತೆ ಓದು, ಕಣ್ಣು ಮಂಜಾಗುವತನಕ.
‘ಬಾಗಿಲ ಮೇಲೆ ಮನೆಯಾ?’
ಹೂಂ, ಲಂಡನ್ನಿನ ಮೂಡಲ ಬಾಗಿಲು.
ಒಂದು ಗಳಿಗೆ ಸುಮ್ಮನಿದ್ದು ಇಡೀ ಕ್ಲಾಸು ನಕ್ಕಿತು,
ಮೂಡಲ ಬಾಗಿಲಲ್ಲೇ ಹುಟ್ಟಿದ ಮಕ್ಕಳು.

ಇನ್ನೊಬ್ಬ ಮಠದವನು, ಕೇಳಿದವರಿಗೆ ಕೇಳಿದಷ್ಟು,
ಲಕ್ಷ ಸಾಲು ದಾಟಿಸಿದ.
ಉತ್ತರದಲ್ಲೊಬ್ಬ ಮೇಷ್ಟ್ರು, ಇಲಿ ಕಪ್ಪೆಗಳ ಬಾಯಲ್ಲಿ
ನ್ಯಾಯ ಮಾತಾಡಿಸಿದ. ಖಾಯಮ್ಮೋ, ಅತಿಥಿಯೋ, ಗೊತ್ತಿಲ್ಲ.
ಅಲ್ಲಿ ಕವಿಯನ್ನು ‘ಮಾಡುವವನು’ ಅನ್ನುತ್ತಿದ್ದರು,
ಮಡಕೆ ಮಾಡಿದ ಹಾಗೆ, ಚಪ್ಪಲಿ ಮಾಡಿದ ಹಾಗೆ.
‘ಚೇಸೇವಾಡು’ ಅಂದ ಚೌಡರೆಡ್ಡಿ, ಮನೆಮಾತಲ್ಲಿ.
‘ಬನಾನೇವಾಲಾ’ ಅಂದಳು ಗೌಸಿಯಾ.
ಮೂರನ್ನೂ ಬೋರ್ಡಿನ ಮೇಲೆ ಬರೆದೆ, ಕನ್ನಡ ಲಿಪಿಯಲ್ಲಿ.
ನೀವು ಹೆದರುವ ಈ ಇಂಗ್ಲಿಷು, ಅಂದೆ,
ಫ್ರೆಂಚಿಗೆ ಗದ್ದುಗೆ ಬಿಟ್ಟು, ಲ್ಯಾಟಿನ್ನಿಗೆ ಗುಡಿ ಬಿಟ್ಟು
ಎಷ್ಟೋ ಕಾಲ ಒಲೆ ಮುಂದೆ ಕೂತಿತ್ತು, ಬೂದಿ ಕೆದಕುತ್ತ.
ಇವರು ಅದನ್ನೇ ಎತ್ತಿಕೊಂಡರು.

ಮತ್ತೊಬ್ಬ ಗುಮಾಸ್ತ. ಅವನ ಹೆಸರು ಪರೀಕ್ಷೆಗೆ ಬರೋದಿಲ್ಲ.
ರಾಜಮುದ್ರೆಯ ಕಚೇರಿಯಲ್ಲಿ ಕೂತು ನಕಲು ತೆಗೆದ.
ಬೆನ್ನು ಹೋಯಿತು, ಹೊಟ್ಟೆ ಹೋಯಿತು, ಕಣ್ಣು ಹೋಯಿತೆಂದು
ಪದ್ಯದಲ್ಲೇ ಹೇಳಿಕೊಂಡ.
ವರ್ಷಾಶನ ಬರಲಿಲ್ಲ. ಖಜಾನೆಗೆ ಪದ್ಯ ಬರೆದ.
ಬರಲಿಲ್ಲ.
ಇನ್ನೊಂದು ಬರೆದ.
ಒಮ್ಮೆ ಬುದ್ಧಿ ಅವನನ್ನು ಬಿಟ್ಟು ಎಲ್ಲೋ ಹೋಗಿತ್ತು,
ತಿರುಗಿ ಬಂತು. ಬೀದಿಯ ಜನ ಮಾತ್ರ ನಂಬಲಿಲ್ಲ.
ಅವನು ಕೋಣೆಯಲ್ಲಿ ಒಬ್ಬನೇ ಇದ್ದಾಗ
ಕನ್ನಡಿ ಎದುರು ನೆಗೆದು ನಿಲ್ಲುತ್ತಿದ್ದ:
ಈ ಮುಖ ಸರಿಯಿದೆಯಾ?
ಹೋಗಲಿ, ಇದು?

ಇಲ್ಲಿ ನನ್ನ ದನಿ ಇಳಿಯಿತು.

ತಾಲ್ಲೂಕು ಕಚೇರಿ ಎದುರು ಹುಣಸೆ ಮರದಡಿ
ನಮ್ಮ ಸೋದರಮಾವ ಯರ್ರಪ್ಪ ಪತ್ರ ಬರೆಯುತ್ತಿದ್ದ,
ಕ್ರಯ, ಭೋಗ್ಯ, ಪಾಲುಪಟ್ಟಿ. ಚೆಕ್ಕುಬಂದಿ:
ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಬಾಬಾಜಾನ್ ಸಾಬರ ಗೋಡೆ.
ನಿಮ್ಹಾನ್ಸ್‌ನಿಂದ ಬಂದ ಮೇಲೆ
ಅಕ್ಷರ ಮೊದಲಿಗಿಂತ ದುಂಡಗಾಗಿತ್ತು.
ಜನ ಪಕ್ಕದ ಮೇಜಿಗೆ ಹೋದರು.
ಬೆಳಿಗ್ಗೆ ಹೊರಡೋ ಮುಂಚೆ, ಅತ್ತೆಯ ಕುಂಕುಮದ ಕನ್ನಡಿಯಲ್ಲಿ
ನಗೋದು ಹೇಗೆಂದು ಅಭ್ಯಾಸ ಮಾಡುತ್ತಿದ್ದ.
ಬಾಗಿಲ ಸಂದಿಯಿಂದ ನೋಡಿ
ನಾನು ಕಿಸಕ್ಕನೆ ನಕ್ಕಿದ್ದೆ. ಏಳನೇ ಕ್ಲಾಸು.
ಅವನಿಗೆ ಕೇಳಿಸಿತ್ತು.

ಇದನ್ನು ಪಾಠದಲ್ಲಿ ಹೇಳಲಿಲ್ಲ.

‘ಕೊನೆಗೆ ಸಂಬಳ ಬಂತಾ, ಮೇಡಂ?’
ಆಗೊಮ್ಮೆ ಈಗೊಮ್ಮೆ. ತಡವಾಗಿ.
‘ಅಂತೇನಾ?’ ಅಂದ ಚೌಡರೆಡ್ಡಿ.
ಅಷ್ಟೇ, ಅಂದೆ. ಗಂಟೆ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಾಯುತ್ತಿದ್ದರು.
ಸೋಮವಾರ ಧರಣಿ, ಮನವಿ ಬರೆಯಬೇಕು,
‘ನೀವು ಸಾಹಿತ್ಯದೋರು, ನೀವೇ ಬರೀರಿ.
ಆದರೆ ಪ್ರಾಸಗೀಸ ಬೇಡ’ ಅಂದರು ಇತಿಹಾಸದ ಮೇಷ್ಟ್ರು.

ಬೀರುವಿನ ಬಾಗಿಲಿಗೆ ಅಂಗೈಯಗಲ ಕನ್ನಡಿ.
ಒಮ್ಮೆ ಮುಖ ನೋಡಿಕೊಂಡು ಕೂತೆ.
‘ಮಾನ್ಯರೇ’ ಅಂತ ಶುರು ಮಾಡಿ
ಬಾಕಿಯ ತಿಂಗಳು, ತಲೆಗಳ ಲೆಕ್ಕ, ಆದೇಶದ ಸಂಖ್ಯೆ,
ಎಲ್ಲ ದುಂಡಗೆ ಬರೆದೆ.
ಒಂದೇ ಒಂದು ಪ್ರಾಸ ಇಟ್ಟಿದ್ದೇನೆ,
ಎರಡನೇ ಪ್ಯಾರಾದಲ್ಲಿ,
ಯಾರ ಕಣ್ಣಿಗೂ ಬೀಳದ ಹಾಗೆ.